ಬಾಟ್ಲಿಯೊಳಗಿನ ಬಿಳಿ ಪುಡಿ

ರಾಯಚೂರಿನ ನೀರು ಪರೀಕ್ಷೆಯ ಲ್ಯಾಬಿನಲ್ಲಿ ನಮ್ಮ ಮೇಡಂ ಒಬ್ಬರಿದ್ದರು. ಊರೂರಿನಿಂದ ನೀರು ತಂದುಕೊಡುವುದು ನನ್ನ ಕೆಲಸ. ಅವರು ಅದಕ್ಕೆ ಔಷಧಿ ಬೆರೆಸಿ ಒಂದು ದಿನ ಬೆಚ್ಚಗಿಡುತ್ತಿದ್ದರು. ನೀರು ಹಳದಿಯಾದರೆ ಅನುಮಾನ. ಕತ್ತಲಲ್ಲಿ ನೇರಳೆ ದೀಪ ಹಿಡಿದಾಗ ನೀಲಿಯಾಗಿ ಹೊಳೆದರೆ ಮಲದ ಬ್ಯಾಕ್ಟೀರಿಯಾ ಇರುವುದು ಖಾತ್ರಿ. ಯಾರಾದರೂ ರಿಪೋರ್ಟಿಗೆ ಗಡಿಬಿಡಿ ಮಾಡಿದರೆ ಸೆರಗಿನಿಂದ ಕನ್ನಡಕ ಒರೆಸುತ್ತಾ, "ಬಣ್ಣಕ್ಕ ಅವಸರ ಮಾಡಬ್ಯಾಡ್ರಿ" ಎನ್ನುವರು.

ಒಮ್ಮೆ ದೇವದುರ್ಗ ಕಡೆಯ ಹಳ್ಳಿಯೊಂದರಲ್ಲಿ ಜನ ವಾಂತಿಭೇದಿಯಿಂದ ಮಲಗಿದ್ದರು. ಅಲ್ಲಿಂದ ತಂದ ನೀರು ಬಣ್ಣ ಬದಲಿಸಲೇ ಇಲ್ಲ. ನಾನು ನಿರಾಳನಾದೆ. ಮೇಡಂ ಖಾಲಿ ಬಾಟ್ಲಿಯನ್ನು ತಿರುಗಿಸಿ ನೋಡಿ ಕೇಳಿದರು: "ಇದನ್ನ ಯಾರರ ತೊಳದ್ರೇನು?"

"ನಳದ ಹತ್ರ ಒಬ್ಬ ಹೆಣ್ಮಗಳು ತೊಳದು ತುಂಬಿಕೊಟ್ಳರಿ. ಒಳಗ ಪುಡಿ ಅದ, ಹೊಲಸು ಬಾಟ್ಲ್ಯಾಗ ನೀರು ಹ್ಯಾಂಗ ಕೊಡ್ಲಿ ಅಂದ್ಳು."

ಆ ಪುಡಿ ಲ್ಯಾಬಿನವರೇ ಬಾಟ್ಲಿಗೆ ಹಾಕಿ ಕಳಿಸುವಂಥದ್ದು; ನಳದ ನೀರಿಗೆ ಬೆರೆಸಿದ ಬ್ಲೀಚಿಂಗ್ ಪುಡಿಯ ಕೆಲಸವನ್ನು ಬಾಟ್ಲಿಯೊಳಗೆ ತಡೆಯುತ್ತದೆ. ಅದಿಲ್ಲದಿದ್ದರೆ ಬ್ಯಾಕ್ಟೀರಿಯಾ ಲ್ಯಾಬಿಗೆ ಬರುವ ದಾರಿಯಲ್ಲೇ ಸತ್ತು, ಕೆಟ್ಟ ನೀರೂ ಒಳ್ಳೆಯದೆನಿಸುತ್ತದೆ.

ಮರುದಿನ ಬೆಳಗಿನ ಬಸ್ಸಿಗೆ ಮೇಡಂ ತಾವೇ ಹೋಗಿ, ಆ ಹೆಣ್ಣುಮಗಳ ಕೈಯಿಂದಲೇ, ಈ ಸಲ ಪುಡಿ ತೊಳೆಯದೆ, ಮತ್ತೆ ನೀರು ತುಂಬಿಸಿಕೊಂಡು ಬಂದರು. ಅದು ನೀಲಿಯಾಗಿ ಹೊಳೆಯಿತು; ನಳ ಬಂದ್ ಆಯಿತು.

ಮೊದಲ ಪರೀಕ್ಷೆ ಯಾಕೆ ತಪ್ಪಿತು ಎಂಬ ಕಾಲಂನಲ್ಲಿ ಅವರು ಬರೆದರು: "ಪುಡಿ ತೊಳೆಯಬಾರದೆಂದು ನಾನು ಹೇಳಿಕೊಟ್ಟಿರಲಿಲ್ಲ."

ನಾನು ಕೆಲಸಕ್ಕೆ ಸೇರಿದ ದಿನವೇ ಅವರು ಅದನ್ನು ನನಗೆ ಎರಡು ಸಲ ಹೇಳಿದ್ದರು.