ಸುನಂದಕ್ಕನ ಹುಳದ ಚಿಂತೆ
ಕೋಲಾರದಲ್ಲಿ ಆಪ್ತಸಮಾಲೋಚನೆ ಮಾಡುವ ಸುನಂದಕ್ಕನಿಗೆ ಸ್ವಂತಕ್ಕೆ ಒಂದು ಹಿಪ್ಪುನೇರಳೆ ಗಿಡವೂ ಇಲ್ಲ, ಆದರೂ ಯಾವ ಊರಲ್ಲಿ ರೇಷ್ಮೆಹುಳ ಎಷ್ಟನೇ ಜ್ವರದಲ್ಲಿದೆ, ಅಂದರೆ ಎಷ್ಟನೇ ಸಲ ಪೊರೆ ಬಿಡುತ್ತಿದೆ ಎಂದು ನಿದ್ದೆಯಲ್ಲೂ ಹೇಳುತ್ತಾಳೆ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹೀಗೆ ಊರವರ ಗೇಲಿಗೆ, ಏಟಿಗೆ ಸಿಕ್ಕಿದ ನಮ್ಮಂಥವರು ಫೋನ್ ಮಾಡಿದರೆ ಅವಳು ಮೊದಲು ಕೇಳುವುದು, "ತಿಂಡಿ ತಿಂದ್ಯಾ?" ಆಮೇಲೆ, "ಮನೇಲಿ ಹುಳ ಸಾಕಿದ್ದೀರಾ?" ಸೋಂಕು ತಗಲೀತೆಂದು ಹುಳದ ಮನೆಯೊಳಗೆ ಸೊಪ್ಪು ಹಾಕುವವರನ್ನು ಬಿಟ್ಟು ಯಾರನ್ನೂ ಬಿಡುವುದಿಲ್ಲ, ಬಾಯಿಬಿಟ್ಟು ಅಳಲು ಹಳ್ಳಿಯಲ್ಲಿ ಇರುವುದು ಅದೊಂದೇ ಜಾಗ ಎನ್ನುತ್ತಾಳೆ. ನರಸಾಪುರದ ಕಂಪನಿ ಬಸ್ಸಿನಲ್ಲಿ ದಿನಾ "ಏನ್ಲಾ, ಸೀರೆ ಯಾವತ್ತು ಉಡ್ತೀಯಾ?" ಅನ್ನಿಸಿಕೊಳ್ಳುವ ಹೋಳೂರಿನ ಭೀಮರಾಜ ತಮ್ಮ ಹುಳದ ಮನೆಯಿಂದಲೇ ಅವಳ ಜೊತೆ ಮಾತಾಡುತ್ತಿದ್ದ. ಅವನು ಸುಮ್ಮನಾದರೆ ಹುಳಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. "ಅವು ತಿನ್ಲಿ ಕಣೋ, ನೀನು ನಿಧಾನಕ್ಕೆ ಹೇಳು" ಎನ್ನುತ್ತಿದ್ದಳು. ಹೋದ ತಿಂಗಳು ಬೆಳೆಗೆ ರೋಗ ಬಂದು ಹುಳವನ್ನೆಲ್ಲ ಗುಂಡಿಗೆ ಸುರಿದರು. "ಹುಳದ ಮನೆ ಖಾಲಿ, ಇನ್ಮೇಲೆ ಇಲ್ಲಿ ಎಲ್ಲರೂ ಬರ್ತಾರಕ್ಕ, ಸಾಯ್ಬೇಕು ಅನ್ಸುತ್ತೆ" ಎಂದವನ ಫೋನ್ ಅಂದಿನಿಂದ ಸ್ವಿಚ್ ಆಫ್. ಅವನ ಹೆಸರೆತ್ತಿದರೆ ಊರೆಲ್ಲ ಅವನ ಮೇಲೆ ಬೀಳುತ್ತದೆ. ಅದಕ್ಕೇ ಸುನಂದಕ್ಕ ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ನಿಂತು ಹೋಳೂರಿನವರನ್ನು ಕಂಡಾಗಲೆಲ್ಲ, ಅವರು ನಕ್ಕರೂ ಬಿಡದೆ, ಕೇಳುತ್ತಾಳೆ: "ನಿಮ್ಮೂರಲ್ಲಿ ಮತ್ತೆ ಹುಳ ತಂದ್ರಾ?"