ಹಾಕೊದಾತೆ ಚರ್ಚಿನಲ್ಲಿ ಬಿಟ್ಟ ಶೂ

ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊ ಬಂದರಿನಲ್ಲಿರುವ ನಮ್ಮ ಆಫೀಸಿನ ಕೆಲಸದ ಮೇಲೆ ಜಪಾನಿನ ಹಾಕೊದಾತೆ ಬಂದರಿಗೆ ಹೋಗಿದ್ದೆ. ಮೀಟಿಂಗಿಗೆ ಇನ್ನೂ ಸಮಯವಿತ್ತು ಅಂತ ಗುಡ್ಡದ ಮೇಲಿನ ಹಳೆಯ ಆರ್ಥೊಡಾಕ್ಸ್ ಚರ್ಚು ನೋಡಲು ಹತ್ತಿ ಹೋದೆ. ಬಿಳಿ ಗೋಡೆ, ಹಸಿರು ಗುಮ್ಮಟ. ಒಳಗೆ ಶೂ ಹಾಕುವಂತಿಲ್ಲ.

ಶೂ ಬಿಡುವುದರಲ್ಲಿ ನನ್ನದೊಂದು ಪದ್ಧತಿಯಿದೆ. ಬೆಂಗಳೂರಿನ ದೇವಸ್ಥಾನಗಳಲ್ಲಿ ಮೂರು ಜೊತೆ ಕಳೆದುಕೊಂಡ ಮೇಲೆ ಒಂದನ್ನು ಈ ಮೂಲೆಯಲ್ಲಿ, ಇನ್ನೊಂದನ್ನು ಆ ಮೂಲೆಯಲ್ಲಿ ಬಿಡುತ್ತೇನೆ. ಒಂಟಿ ಶೂ ಯಾವ ಕಳ್ಳನಿಗೂ ಬೇಡ. ಅಲ್ಲೂ ಹಾಗೇ ಮಾಡಿದೆ.

ಹೊರಗೆ ಬಂದರೆ ಎಡಗಾಲಿನದನ್ನು ಬಿಟ್ಟ ಮೂಲೆ ಖಾಲಿ. ಮೀಟಿಂಗಿಗೆ ಇಪ್ಪತ್ತು ನಿಮಿಷ. ಬಾಗಿಲಲ್ಲಿ ಕೂತಿದ್ದ ಅಜ್ಜಿಗೆ ಇಂಗ್ಲಿಷಿನಲ್ಲಿ, ಗಟ್ಟಿಯಾಗಿಯೇ ಹೇಳಿದೆ: "ನನ್ನ ಶೂ ಕಳವಾಗಿದೆ."

"ಒಂದೇನಾ?"

"ಸದ್ಯಕ್ಕೆ ಒಂದು."

ಅಜ್ಜಿ ಎದ್ದು ಇನ್ನೊಂದು ಮೂಲೆಗೆ ಕರೆದೊಯ್ದರು. ಎರಡೂ ಶೂ ಅಕ್ಕಪಕ್ಕ, ಹಾಕಿಕೊಂಡು ಹೊರಡಲು ಅನುಕೂಲವಾಗುವಂತೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದವು.

"ದೂರ ದೂರ ಬಿದ್ದಿದ್ದವು, ಜೋಡಿಸಿಟ್ಟೆ. ಯಾವುದೋ ಮಗು ಒದ್ದಿರಬೇಕು," ಎಂದರು.

ನಾನು ಸುಳ್ಳು ಹೇಳುವವನಲ್ಲ. "ಇರಬಹುದು," ಎಂದೆ.

ವಾಪಸು ಬಂದ ಭಾನುವಾರ ಲಾಸ್ ಏಂಜಲೀಸಿನ ದೇವಸ್ಥಾನದಲ್ಲಿ ನಿರ್ಧಾರ ಮಾಡಿ ಎರಡನ್ನೂ ಒಟ್ಟಿಗೇ ಬಿಟ್ಟೆ, ಬಾಗಿಲ ಕಡೆ ಮುಖ ಮಾಡಿ. ದರ್ಶನ ಮುಗಿಸಿ ಬಂದರೆ ಒಂದೇ ಇದೆ.

"ಮರೆತು ಜೊತೆಗೇ ಬಿಟ್ಟಿದ್ರಲ್ರೀ," ಎಂದಳು ನನ್ನ ಹೆಂಡತಿ. "ಇನ್ನೊಂದನ್ನ ಆ ಕಡೆ ಇಟ್ಟಿದೀನಿ."

ಇಪ್ಪತ್ತು ವರ್ಷ ಹೇಳಿ ಹೇಳಿ ಕಲಿಸಿದ್ದು ನಾನೇ.