ಭಾಲ್ಕಿ ಬಸ್‌ನಿಲ್ದಾಣಕ್ಕೆ ಬಂದ ಮೀನು

ಭಾಲ್ಕಿಯಲ್ಲಿ ಔರಾದಿಗೆ ಹೋಗುವ ಬಸ್ಸು ತುಂಬಿತ್ತು. ಕಿಟಕಿಯಿಂದ ಕರ್ಚೀಫು ಹಾಕಿ ನನ್ನ ಪಕ್ಕದ ಸೀಟು ಹಿಡಿದಿದ್ದ ಹೆಣ್ಣುಮಗಳು ಮಾತ್ರ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ಫೋನನ್ನೇ ದಿಟ್ಟಿಸುತ್ತಿದ್ದಳು. ಕಂಡಕ್ಟರ್ ಕೂಗಿದರೂ ಕದಲಲಿಲ್ಲ.

"ಯಾಕ್ರಿ ಅಕ್ಕಾ, ಹತ್ತಂಗಿಲ್ಲೇನ್ರಿ?" ಎಂದೆ.

"ನಮ್ಮ ಮನಿಯವರು ನಾರ್ವೆದಾಗ ಸಮುದ್ರಕ್ಕ ಇಳದಾರ್ರಿ, ಮೀನು ಸಾಕೋ ಬಲೆ ತೊಳೀಲಿಕ್ಕ. ಇಷ್ಟೊತ್ತಿಗಿ ಮ್ಯಾಲ ಬಂದು ಫೋನ್ ಮಾಡಬೇಕಿತ್ತು."

"ಬಸ್ಸಿನಾಗ ಕೂತು ಕಾಯ್ರಲ್ಲ."

"ಹಾದ್ಯಾಗ ರೇಂಜ್ ಹೋಗ್ತದ್ರಿ. ಬಾವಿಗಿ ಇಳದವರು ಮ್ಯಾಲ ಬರೋತನಕ ಮನಿಯವರು ಬಾವಿಕಟ್ಟಿ ಬಿಟ್ಟು ಏಳಬಾರದ್ರಿ."

ಡ್ರೈವರ್ ಇಂಜಿನ್ ಶುರು ಮಾಡಿದಾಗ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಅವಳ ಗಂಡನ ಏದುಸಿರಿನ ದನಿ: "ಇಲ್ಲಿ ಇರಬಾರದ ಮೀನು ಕಂಡೆ. ಬಿಸಿ ಸಮುದ್ರದ್ದು. ಈ ಕೊರಿಯೋ ಥಂಡಿ ನೀರಾಗ ಹ್ಯಾಂಗ ಬಂತೋ ಯಾರಿಗೂ ತಿಳೀವಲ್ದು. ಅದನ್ನ ನೋಡ್ಕೋತ ತಡ ಆತು."

ಅವಳು ಉಸಿರು ಬಿಟ್ಟು ಎದ್ದಳು. ಚೀಲ ಎತ್ತಿಕೊಂಡು ಬಸ್ಸಿನ ಮೆಟ್ಟಿಲಿನ ಮೇಲೆ ಕಾಲಿಟ್ಟಳು.

"ನಮ್ಮ ಸಾಹೇಬರು ಅದರ ಫೋಟೋ ಬೇಕಂತಾರ. ಮತ್ತೊಮ್ಮಿ ಇಳೀತೇನಿ" ಎಂದಿತು ಫೋನು.

ಅವಳು ಮೆಟ್ಟಿಲಿನಿಂದ ಕಾಲು ತೆಗೆದಳು. ಬಸ್ಸು ಅಲುಗಿತು. ನಾನು ಕಿಟಕಿಯಿಂದ ಕೈ ಚಾಚಿ ಕರ್ಚೀಫು ಕೊಟ್ಟೆ. ಅದನ್ನು ತೆಗೆದುಕೊಂಡು ಅವಳು ಅದೇ ಬೆಂಚಿಗೆ ಹೋಗಿ ಕೂತಳು.